ಸಾತವ್ವ ಪೋಣಿಸಿದ ಸೂಜಿ

ಇಂಡಿ ಪಟ್ಟಣದ ಬಸ್ ನಿಲ್ದಾಣದ ಎದುರು ಚಸ್ಮಾ ಅಂಗಡಿ ಇಟ್ಟು ಮೂವತ್ತು ವರ್ಷ ಕಳೆದ ಬಂದಗಿಸಾಬನಿಗೆ ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನ ಮೇಲೆ ನಂಬಿಕೆಯೇ ಇರಲಿಲ್ಲ. ಓದು ಬಾರದವರಿಗೆ ಅದನ್ನೇನು ತೋರಿಸುವುದು? ಬಂದ ಹೆಂಗಸರ ಕೈಗೆ ಸೂಜಿ, ದಾರ ಕೊಡುತ್ತಿದ್ದ. ಪೋಣಿಸಿದರೆ ಚಸ್ಮಾ ಸರಿ, ಮುಗಿಯಿತು. ಡಾಕ್ಟರಿಗಿಂತ ತನ್ನ ಸೂಜಿಯೇ ಮೇಲು ಎಂಬ ಬಡಿವಾರ ಬೇರೆ.

ಆ ಬಡಿವಾರಕ್ಕೆ ಪೆಟ್ಟು ಬಿದ್ದದ್ದು ಒಂದು ಬೆಳಿಗ್ಗೆ, ಪೇಪರ್ ಓದುವಾಗ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿದ್ದು ಬಂದವರ ಕಣ್ಣಿನ ಸುದ್ದಿ ಅದು. ಅಲ್ಲಿ ಮೈಗೆ ಭಾರವಿಲ್ಲದೆ ಒಳಗಿನ ನೀರು ತಲೆಯತ್ತ ಏರುತ್ತದಂತೆ. ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿ, ನರ ಬಾತು, ಹತ್ತಿರದ್ದು ಮಬ್ಬಾಗಿ, ಚಸ್ಮಾದ ನಂಬರ್ ಏರುತ್ತದಂತೆ. ನೆಲದ ಮೇಲಿರುವವರಿಗೂ ತಲೆಯೊಳಗೆ ಒತ್ತಡ ಹೆಚ್ಚಿದರೆ ಹೀಗಾಗುವುದುಂಟು, ಅಲಕ್ಷ್ಯ ಮಾಡಿದರೆ ದೃಷ್ಟಿಯೇ ಹೋದೀತು ಎಂದು ಕೊನೆಯಲ್ಲಿ ಬರೆದಿತ್ತು.

ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ತಾಂಬಾ ಹಳ್ಳಿಯಲ್ಲಿ ಹಳೆ ಸೀರೆಗಳ ಕೌದಿ ಹೊಲಿಯುವ ಸಾತವ್ವ! ಒಂದೇ ವರ್ಷದಲ್ಲಿ ಮೂರು ಸಲ ನಂಬರ್ ಏರಿಸಿಕೊಂಡು ಹೋಗಿದ್ದಳು.

‘ಕಾಕಾ, ಮಲಗಿದ್ರ ತಲಿ ಸಿಡಿತೈತ್ರಿ. ಬಗ್ಗಿದ್ರ ಕಣ್ಣಿಗೆ ಕತ್ತಲಿ ಬರತೈತ್ರಿ,’ ಎಂದಿದ್ದಳು.

‘ಪಿತ್ತ ಅದು. ಲಿಂಬಿ ಶರಬತ್ ಕುಡಿ,’ ಎಂದು ಈ ಪಂಡಿತ ಕಳಿಸಿಬಿಟ್ಟಿದ್ದ. ಮೂರು ಸಲವೂ ಆಕೆ ಥಟ್ಟನೆ ಸೂಜಿ ಪೋಣಿಸಿದ್ದಳಲ್ಲ!

ಅಂಗಡಿಗೆ ಕೀಲಿ ಹಾಕಿ ಬಸ್ ಹತ್ತಿದ. ತಾಂಬಾದಲ್ಲಿ ಇಳಿದು ನೇರ ಆಕೆಯ ಮನೆಗೆ ನಡೆದ.

ಸಾತವ್ವ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ಹೊಲಿಗೆ ಗೆರೆ ಎಳೆದಂತೆ ನೆಟ್ಟಗಿತ್ತು. ಬಂದಗಿಸಾಬನಿಗೆ ಹೋದ ಜೀವ ಬಂದಂತಾಯಿತು. ಎದುರಿಗೆ ಹೋಗಿ ನಿಂತ.

ಆಕೆ ತಲೆಯೆತ್ತಿ, ‘ಯಾರ್ರಿ ಅವ್ರು?’ ಎಂದಳು.

‘ನಾನವ್ವಾ, ಬಂದಗಿಸಾಬ. ಚಸ್ಮಾ ಎಲ್ಲೈತಿ?’

‘ಗೂಟಕ್ಕ ಹಾಕೇನ್ರಿ. ಹಾಕ್ಕೊಂಡ್ರೂ ಅಷ್ಟ, ಬಿಟ್ರೂ ಅಷ್ಟ.’

‘ಮತ್ತ ನನ್ನ ಅಂಗಡ್ಯಾಗ ಸೂಜಿ ಹೆಂಗ ಪೋಣಿಸಿದಿ?’

ಸಾತವ್ವ ನಕ್ಕಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಕಣ್ಣು ಮುಚ್ಚಿಕೊಂಡೇ ಪೋಣಿಸಿ ಎತ್ತಿ ಹಿಡಿದಳು. ‘ಇದಕ್ಕ ಕಣ್ಣ ಯಾಕ ಬೇಕ್ರಿ ಕಾಕಾ? ಸಣ್ಣಾಕಿ ಇದ್ದಾಗಿಂದ ಬೆರಳಿಗೇ ಗೊತ್ತೈತಿ. ನೀವು ಪೋಣಿಸು ಅಂದ್ರಿ, ಪೋಣಿಸಿದೆ.’

ಬಂದಗಿಸಾಬ ಆಕೆಯ ಕೈಯ ಸೂಜಿಯನ್ನೇ ನೋಡಿದ. ತನ್ನ ಅಂಗಡಿಯ ಸೂಜಿಯಿಂದ ಪಾಸಾಗಿ ಹೋದ ಕೌದಿ ಹೊಲಿಯುವ ಹೆಂಗಸರು ಇನ್ನೆಷ್ಟು ಮಂದಿಯೋ!

‘ಏಳವ್ವಾ, ಈಗಿಂದೀಗ ವಿಜಾಪುರದ ದೊಡ್ಡ ದವಾಖಾನಿಗೆ ಹೋಗೂಣು. ತಪ್ಪು ನಂದೈತಿ,’ ಎಂದ.

ಸಾತವ್ವ ಎದ್ದು ಕಾಲಿನಿಂದ ಚಪ್ಪಲಿ ತಡಕತೊಡಗಿದಳು. ಚಪ್ಪಲಿ ಆಕೆಯ ಕಣ್ಣೆದುರಿಗೇ ಬಿಸಿಲಲ್ಲಿ ಬಿದ್ದಿತ್ತು.