ನಾನು ಓದದೆ ಉಳಿಸಿದ ಪುಟ

ಅಂಕಲ್ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ತೂಗುತ್ತಿತ್ತು, ಹಳೆಯ ಶೂ ಲೇಸಿಗೆ ಕಟ್ಟಿದ್ದು. ಟೀ ಕುದಿಯುವುದಕ್ಕೂ ಅದನ್ನು ಒತ್ತುವರು, ನಾನು ಮೈಸೂರಿಗೆ ಫೋನು ಮಾಡಿ ಹರಟುವುದಕ್ಕೂ ಒತ್ತುವರು. "ನಿನ್ನ ತಾಯಿ 'ಹೂಂ' ಅನ್ನೋದಕ್ಕೇ ಎಷ್ಟು ಹೊತ್ತಮ್ಮ! ನನ್ನ ಸಿನಿಮಾದಲ್ಲಿ ಅವರಿಗೆ ಪಾರ್ಟ್ ಇಲ್ಲ," ಎಂದು ಕಾಡಿಸುವರು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನೊಳಗೆ ಉಳಿದಿರುವುದು ಮಾತ್ರ ಕನ್ನಡದಲ್ಲಿ.

ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಅವರು, ತೊಂಬತ್ತು ದಾಟಿದ ಇಂಗ್ಲಿಷರು. ಐವತ್ತರ ದಶಕದಲ್ಲಿ ಲಂಡನ್ನಿನ ಸ್ಟುಡಿಯೊಂದಕ್ಕೆ ಟೈಪಿಸ್ಟಾಗಿ ಸೇರಿ, ಬೇರೆಯವರ ಚಿತ್ರಕಥೆ ತಿದ್ದುತ್ತ ತಿದ್ದುತ್ತ ತಾವೇ ಬರೆಯತೊಡಗಿ, ನಾಲ್ಕು ಸಿನಿಮಾ ನಿರ್ದೇಶಿಸಿದವರು. ನಾಲ್ಕನೆಯದರ ಕೊನೆಯ ದೃಶ್ಯ ಕತ್ತರಿಸಿ ನಿರ್ಮಾಪಕರು ಅಲ್ಲೊಂದು ಮದುವೆ ಅಂಟಿಸಿದರು. ಇವರು ಜಗಳವಾಡಿದರು. ಆಮೇಲೆ ಯಾರೂ ಕರೆಯಲಿಲ್ಲ. ಮುದಿ ವಯಸ್ಸಿನಲ್ಲಿ ಮಗಳ ಮನೆಗೆ ಬಂದು, ಅದೇ ಕಥೆಯನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದರು.

ಕಣ್ಣು ಹೋಗಿತ್ತು. ಬೆರಳಿನ ಅಭ್ಯಾಸದಲ್ಲೇ ಟೈಪ್ ಮಾಡುವರು. ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ, ವಾಚು ಹಿಡಿದು ಅಳೆಯುವ ತನಕ ಪುಟ ಮುಗಿದಂತಲ್ಲ ಎಂಬುದು ಅವರ ಕಟ್ಟಳೆ. ಕೋವಿಡ್ ಕಾಲ, ನರ್ಸಾಗಿದ್ದ ಮಗಳಿಗೆ ಉಸಿರಾಡಲೂ ಬಿಡುವಿಲ್ಲ. ವೀಸಾದ ದೆಸೆಯಿಂದ ಕೆಲಸವಿಲ್ಲದೆ ಕೂತಿದ್ದ ನಾನು ದಿನಾ ಸಂಜೆ ಅವರ ಮನೆ ಹಿಂದಿನ ಮರದ ಜಗಲಿ, ಡೆಕ್ಕಿನಲ್ಲಿ ಮಾಸ್ಕ್ ಹಾಕಿಕೊಂಡು ಓದುತ್ತಿದ್ದೆ. ನನ್ನ ದನಿ ಒಡೆದರೆ ಗದರುವರು: "ನೀನು ಅಳಬೇಡ. ಅಳೋದು ನೋಡುವವರ ಕೆಲಸ."

ಅವರ ಮೂಗಿಗೆ ಆಕ್ಸಿಜನ್ ಕೊಳವೆ ಬಂದ ವಾರ, ಓದಲು ಒಂದೇ ಪುಟ ಉಳಿದಿತ್ತು. ನನಗೆ ಅಜ್ಜಿಯ ನೆನಪಾಯಿತು. ಮನೆಯಲ್ಲಿ ಕಾಯಿಲೆಯವರಿದ್ದಾಗ ನನ್ನಜ್ಜಿ ಯಾವ ಪುರಾಣವನ್ನೂ ಓದಿ ಮುಗಿಸುತ್ತಿರಲಿಲ್ಲ. ಕೊನೆಯ ಪುಟಕ್ಕೆ ತುಳಸಿದಳ ಇಟ್ಟು ಮುಚ್ಚಿಬಿಡುವಳು. ಕಥೆ ಮುಗಿದರೆ ಕೇಳುವವರೂ ಎದ್ದು ಹೊರಡುತ್ತಾರೆ ಎನ್ನುವಳು.

"ಇವತ್ತು ಮುಗಿಸೋಣವಾ?" ಎಂದು ಅಂಕಲ್ ಕೇಳಿದರು.

"ಗಂಟಲು ನೋವು ಅಂಕಲ್, ನಾಳೆ."

ಮರುದಿನ ಇನ್ನೊಂದು ನೆಪ, ಅದರ ಮರುದಿನ ಮತ್ತೊಂದು.

"ಏನೇ ಇದು, ಒಂದ್ ಪೇಜ್ ತಾನೇ? ಪಾಪ, ವೇಟ್ ಮಾಡ್ತಿದಾರೆ, ಓದ್ಬಿಡು," ಎಂದರು ನನ್ನ ಯಜಮಾನರು.

"ಸುಮ್ನಿರ್ರೀ, ನಿಮಗೆ ಗೊತ್ತಾಗಲ್ಲ. ಆ ಪೇಜ್ ಇರೋವರೆಗೂ ಅವರು ಎಲ್ಲಿಗೂ ಹೋಗಲ್ಲ."

ಎಂಥ ಪೆದ್ದಿ ನಾನು!

ಐದನೆಯ ದಿನ ಅವರೇ ವಾಚು ಬಿಚ್ಚಿ ನನ್ನ ಕೈಗಿಟ್ಟರು. "ನನ್ನ ಬೆರಳು ನಡುಗುತ್ತೆ, ನೀನೇ ಹಿಡಿ. ನಾಳೆ ಖಂಡಿತ ತಾನೇ?"

"ಖಂಡಿತ," ಎಂದೆ. ಬೆಳಗ್ಗೆ ಅವರ ಮಗಳು ನಮ್ಮ ಬಾಗಿಲಿಗೆ ಬಂದಳು. ಅವಳ ಮುಖ ನೋಡಿದೊಡನೆ ತಿಳಿಯಿತು.

ಮಣ್ಣು ಮಾಡಿ ಬಂದ ಸಂಜೆ ಅವರ ಖಾಲಿ ಕುರ್ಚಿಯ ಮುಂದೆ ಕೂತು, ವಾಚು ಒತ್ತಿ ಆ ಪುಟ ಓದಿದೆ, ಮುಗಿದೊಡನೆ ನಿಲ್ಲಿಸಿದೆ. ಅದರಲ್ಲಿ ಸಾವಿಲ್ಲ, ಮದುವೆಯೂ ಇಲ್ಲ. ಹೆಂಗಸೊಬ್ಬಳು ಹಿತ್ತಲಲ್ಲಿ ಒದ್ದೆ ಬೆಡ್‌ಶೀಟು ಹಿಂಡಲಾಗದೆ ಒದ್ದಾಡುತ್ತಿದ್ದಾಳೆ. ಯುದ್ಧದಲ್ಲಿ ಸತ್ತನೆಂದುಕೊಂಡಿದ್ದ ಗಂಡ ಬಂದು ಇನ್ನೊಂದು ತುದಿ ಹಿಡಿಯುತ್ತಾನೆ. ಇಬ್ಬರೂ ಮಾತಿಲ್ಲದೆ ಹಿಂಡುತ್ತಾರೆ. ಅಷ್ಟೇ.

ಅಳಬೇಡ ಎಂದಿದ್ದರು, ಆದರೂ ಅತ್ತುಬಿಟ್ಟೆ. ಒಮ್ಮೆ ಅವರ ಈ ದೃಶ್ಯವನ್ನು ನಿರ್ಮಾಪಕರು ಕಸಿದುಕೊಂಡರು. ಎರಡನೆಯ ಸಲ ಕಸಿದವಳು ನಾನು, ಅವರು ಬದುಕಿರಲಿ ಎಂಬ ಆಸೆಯಿಂದ. ವಾಚು ನೋಡಿದೆ. ನಲವತ್ತು ಸೆಕೆಂಡು ಕೂಡ ಆಗಿರಲಿಲ್ಲ.