ದ್ರಾಕ್ಷಾಯಿಣಿ ತುಂಬಿದ ಎರಡನೆಯ ಬಾಟಲಿ

ಹುಬ್ಬಳ್ಳಿಯ ಒಂದು ನೀರು ತಪಾಸಣೆ ಕೇಂದ್ರದಲ್ಲಿ ದ್ರಾಕ್ಷಾಯಿಣಿಗೆ ಹದಿನೆಂಟು ವರ್ಷದಿಂದ ಒಂದೇ ಕೆಲಸ: ಬಾಟಲಿ ತೊಳೆಯುವುದು, ಊರೂರು ತಿರುಗಿ ನೀರು ತುಂಬಿ ತರುವುದು. ಊರಿನ ದೊಡ್ಡ ಮನುಷ್ಯರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಸುಳ್ಳ ಊರಿನ ದಾರಿಯ ಹಳ್ಳಿಯೊಂದರ ಮುರುಗೆಪ್ಪ ಆ ಉರಿಗೆ ಎಣ್ಣೆ ಸುರಿದ.

ಹತ್ತಿ ವ್ಯಾಪಾರದ ಈ ಮುರುಗೆಪ್ಪ ಊರ ಶಾಲೆಗೆ ಬೋರ್‌ವೆಲ್ ದಾನ ಮಾಡಿದ್ದ. ಕೊರೆಸಿದ್ದು ಹೂಳು ತುಂಬಿದ ಹಳೆಯ ಕೆರೆಯಂಗಳದಲ್ಲಿ. ನಳಕ್ಕಿಂತ ಅವನ ಹೆಸರಿನ ಕಲ್ಲೇ ಎತ್ತರ. ದ್ರಾಕ್ಷಾಯಿಣಿ ಹೋದ ದಿನ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, "ಬಿಸಲಾಗ ಯಾಕ ನಿಲ್ತೀರಿ ಬಾಯಾರ? ನೀರು ನಾವ ತುಂಬಿಟ್ಟೇವಿ, ತಗೊಂಡ ಹೋಗ್ರಿ" ಎಂದ. ಕಾಲು ಸೋತಿದ್ದ ಅವಳು ಹೆಡ್ಡಳಂತೆ ಒಪ್ಪಿದಳು. ತನ್ನ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ.

ವರದಿ ಬಂತು: ನೆಲದಾಳದ ಬಂಡೆಯಿಂದ ಬೋರ್‌ವೆಲ್ ನೀರಿಗೆ ಇಳಿಯುವ ವಿಷ, ಯುರೇನಿಯಂ, ಮಿತಿಯೊಳಗೇ ಇದೆ. "ಮುಗೀತಲ್ರಿ, ಸಹಿ ಹಾಕ್ತೇನಿ" ಎಂದ ಮೇಲಧಿಕಾರಿ ರಾಜೀವ. ಅವನು ತಪ್ಪದೆ ಮಾಡುವ ಕೆಲಸ ಅದೊಂದೇ. ಆದರೆ ಬಾಟಲಿಯಲ್ಲಿ ಉಳಿದ ನೀರು ಕನ್ನಡಿಯಂತಿತ್ತು; ಅಂದು ಊರು ಬಿಡುವಾಗ ಅದೇ ನಳದಿಂದ ಬರುತ್ತಿದ್ದ ಹೆಂಗಸರ ಕೊಡಗಳಲ್ಲಿ ಅವಳು ಕಂಡದ್ದು ಚಹಾದ ಬಣ್ಣದ ನೀರು. ಮರುದಿನವೇ ಬಸ್ಸು ಹತ್ತಿ, ಯಾರನ್ನೂ ಕೇಳದೆ ನಳಕ್ಕೇ ಬಾಟಲಿ ಹಿಡಿದಳು. ಈ ಸಲ ಯುರೇನಿಯಂ ಮಿತಿಯ ಮೂರು ಪಟ್ಟು.

ಕೊಳೆತ ಎಲೆ, ಬೇರುಗಳ ಕಂದು ರಸ ಯುರೇನಿಯಂ ಅನ್ನು ಹಿಡಿದುಕೊಂಡು ನೀರಿನಲ್ಲೇ ಉಳಿಸುತ್ತದೆ. ಪಟಿಕ ಹಾಕಿದರೆ ಆ ಬಣ್ಣ ತಳಕ್ಕಿಳಿಯುತ್ತದೆ, ಹಿಡಿದುಕೊಂಡಿದ್ದ ಯುರೇನಿಯಂನ ಬಹುಪಾಲೂ ಜೊತೆಗೇ ಇಳಿಯುತ್ತದೆ. ರಾಜೀವ ಓದಿ ಮರೆತದ್ದನ್ನು ಅವಳು ಬಾಟಲಿ ತೊಳೆಯುತ್ತಲೇ ಕಲಿತಿದ್ದಳು.

ವರದಿ ಹಿಡಿದು ಮತ್ತೆ ಹೋದಾಗ ನಳದ ಮುಂದೆ ಹೆಂಗಸರ ಸಾಲಿತ್ತು. ಮುರುಗೆಪ್ಪ ಹೆಂಡತಿ ರತ್ನವ್ವನೊಡನೆ ಅಲ್ಲೇ ನಿಂತಿದ್ದ.

"ಅವತ್ತ ಬಾಟ್ಲಿ ನೀರಿಗೆ ಪಟಿಕ ಹಾಕಿದ್ರಿ, ಹೌದಲ್ರಿ?" ಎಂದು ದ್ರಾಕ್ಷಾಯಿಣಿ ಎಲ್ಲರೆದುರೇ ಕೇಳಿದಳು.

ಆ ಪುಣ್ಯಾತ್ಮ ನಾಚಲೂ ಇಲ್ಲ. "ಹಾಕಿದ್ವಿ. ನಾಕ ಮಡಿಕಿ ಧೋತರದಾಗ ಸೋಸಿದ್ವಿ. ಹೊರಗಿನವ್ರಿಗೆ ರಾಡಿ ನೀರು ಕೊಟ್ಟು ಊರ ಮರ್ಯಾದಿ ಕಳೀಲೇನ್ರಿ?"

ಇಂಥ ಮರ್ಯಾದೆಗೆ ಬೆಂಕಿ ಬೀಳಲಿ ಎನ್ನಿಸಿತು ದ್ರಾಕ್ಷಾಯಿಣಿಗೆ. "ಬಾಟ್ಲಿಗೆ ಹಾಕಿದ ಪಟಿಕ ಸಾಲಿ ಹುಡುಗೂರ ನೀರಿಗೆ ಯಾಕ ಹಾಕಲಿಲ್ರಿ ಕಾಕಾ?"

ಗಂಡನ ಮಾನ ಉಳಿಸಲು ರತ್ನವ್ವ ಮುಂದೆ ಬಂದಳು. "ಪಟಿಕ ನಮಗ ಹೊಸಾದಲ್ರಿ ಬಾಯಾರ. ನಮ್ಮ ಮನ್ಯಾಗ ದಿನಾ ಹಾಕ್ತೇವಿ. ಹಾಕಲಾರದ ಈ ನೀರು ಒಂದ ಗುಟುಕೂ ಕುಡಿಯೂದಿಲ್ಲ."

ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು, ತುಂಬಿದ ಕೊಡಗಳನ್ನು ಮುರುಗೆಪ್ಪನ ಕಾಲ ಬುಡದಲ್ಲಿ ಬೋರಲು ಹಾಕಿದರು.