ಇಲ್ಲದ ಜೇಬನ್ನು ತಡಕುವ ಊರ್ಮಿಳಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಡ್ನಿ ನಗರದ ನಡುವಿನ ವಕೀಲರ ಕಚೇರಿಯೊಂದರ ಪ್ರಿಂಟ್ ರೂಮಿನಲ್ಲಿ ಊರ್ಮಿಳಾ ಆಗಲೇ ಕೆಲಸಕ್ಕಿಳಿದಿದ್ದಾರೆ. ಮುಂದೆ ಹಳೆಯ ಫೈಲುಗಳ ರಾಶಿ, ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ. ಫೈಲಿನ ಬೆನ್ನಿಗಂಟಿದ ಲೇಬಲ್ಲಿಗೆ ಎಣ್ಣೆ ಸವರಿ, ತುಸು ಹೊತ್ತು ಬಿಟ್ಟು ಉಗುರಿನಿಂದ ಎಬ್ಬಿಸುತ್ತಾರೆ. ಅಂಟಿನ ಸಮೇತ ಕಿತ್ತು ಬರುತ್ತದೆ. ಆಮೇಲೆ ರಟ್ಟಿನ ಒಳಬದಿಯನ್ನು ಅಂಗೈಯಿಂದ ಸವರುತ್ತಾರೆ. ಅಲ್ಲಿ ಏನೂ ಇಲ್ಲ. ಫೈಲನ್ನು ಕೆಳಗಿಡುತ್ತಾರೆ, ಮತ್ತೆ ಎತ್ತಿ ಇನ್ನೊಮ್ಮೆ ಸವರುತ್ತಾರೆ.

"ಒಂದ್ಸಲಕ್ಕೆ ಸಮಾಧಾನ ಆಗಲ್ಲ ಕಣ್ರೀ," ಎನ್ನುತ್ತಾರೆ. ನಗುವುದಿಲ್ಲ.

ಊರ್ಮಿಳಾ ತಿಪಟೂರಿನವರು. ಅಕೌಂಟಿಂಗ್ ಓದಲು ಬಂದವರು, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಸಿಗುವವರೆಗೆ ಇರಲಿ ಎಂದು ಈ ಕೆಲಸ ಹಿಡಿದರು. ಪಿಆರ್ ಬಂತು, ಕೆಲಸ ಬಿಡಲಿಲ್ಲ. ಹ್ಯಾರಿಸ್ ಪಾರ್ಕ್ ಬಡಾವಣೆಯ ಮನೆಯಿಂದ ಬೆಳಗಿನ ಟ್ರೇನು ಹಿಡಿದು ಬರುತ್ತಾರೆ. ಒಂದು ಕೇಸು ಎಷ್ಟು ಕಾಗದ ತಿನ್ನುತ್ತದೆ ಎಂಬುದನ್ನು ಈ ಕೋಣೆಗೆ ಬಂದೇ ನೋಡಬೇಕು. ಒಂದೇ ದಾಖಲೆ ವಕೀಲರಿಗೊಂದು, ವಾದ ಮಂಡಿಸುವ ಬ್ಯಾರಿಸ್ಟರಿಗೊಂದು, ಎದುರು ಪಕ್ಷಕ್ಕೊಂದು, ಕೋರ್ಟಿಗೊಂದು ಎಂದು ಪ್ರಿಂಟಾಗುತ್ತದೆ. ವಿಚಾರಣೆ ಮೆಲ್ಬರ್ನ್‌ನಲ್ಲಿದ್ದರೆ ಪೆಟ್ಟಿಗೆಗಳು ವಿಮಾನ ಹತ್ತುತ್ತವೆ. ಕೇಸು ಮುಗಿದ ಮೇಲೆ ಕಾಗದವನ್ನು ಯಂತ್ರ ಚೂರು ಮಾಡುತ್ತದೆ, ಗಟ್ಟಿಮುಟ್ಟಾದ ಫೈಲುಗಳು ಕಸಕ್ಕೆ ಹೋಗುತ್ತವೆ.

"ನಮ್ಮಮ್ಮ ಒಂದು ಖಾಲಿ ಬಾಟ್ಲಿ ಎಸೆದಿದ್ದನ್ನ ನಾನು ನೋಡೇ ಇಲ್ಲ. ಇಲ್ಲಿ ಅಷ್ಟು ಚೆನ್ನಾಗಿರೋ ಫೋಲ್ಡರ್ ಬಿನ್‌ಗೆ ಹಾಕೋಕೆ ಕೈಯೇ ಬರ್ತಿರ್ಲಿಲ್ಲ. ಹೊಟ್ಟೆ ಉರಿಯೋದು."

ಈ ವರ್ಷ, 2009ರ ಫೆಬ್ರವರಿಯಲ್ಲಿ, ಪಕ್ಕದ ವಿಕ್ಟೋರಿಯಾ ರಾಜ್ಯದ ಕಾಡುಗಳು ಹೊತ್ತಿ ಉರಿದ ಮೇಲೆ ಕಚೇರಿಯ ದೊಡ್ಡವರಿಗೂ ಹವಾಮಾನದ ಚಿಂತೆ ಹತ್ತಿತು. ಗ್ರೀನ್ ಕಮಿಟಿ ಹುಟ್ಟಿತು. ಅದು ಮಾಡಿದ ಮೊದಲ ಕೆಲಸ, ಕಾಗದ ಉಳಿಸಿ ಎಂಬ ಬಣ್ಣಬಣ್ಣದ ಪೋಸ್ಟರುಗಳನ್ನು ಗೋಡೆ ತುಂಬ ಅಂಟಿಸಿದ್ದು. ಅವನ್ನು ಪ್ರಿಂಟ್ ಮಾಡಿಕೊಟ್ಟವರೂ ಊರ್ಮಿಳಾ ಅವರೇ! ಇದೇ ಸಮಯವೆಂದು, ಹಳೆ ಫೈಲುಗಳನ್ನೇ ಮತ್ತೆ ಬಳಸೋಣವೇ ಎಂದು ಕೇಳಿದರು. ಕಮಿಟಿಯ ಮುಖ್ಯಸ್ಥೆ, ಹಿರಿಯ ವಕೀಲೆ ಹೆಲೆನ್ ಒಪ್ಪಿದರು.

ಇಲ್ಲಿ ಜೂನ್‌ಗೆ ಶುರುವಾಗುವ ಚಳಿಗಾಲದಲ್ಲಿ ಎಡವಟ್ಟಾಯಿತು. ಈ ಫೈಲುಗಳ ರಟ್ಟಿನ ಒಳಬದಿಯಲ್ಲಿ ಬಿಡಿ ಹಾಳೆ ಇಡಲು ಒಂದು ಪ್ಲಾಸ್ಟಿಕ್ ಜೇಬಿರುತ್ತದೆ. ಮೆಲ್ಬರ್ನ್‌ಗೆ ಹೋದ ಫೈಲೊಂದರ ಜೇಬಿನಲ್ಲಿ ಹಿಂದಿನ ಕೇಸಿನ ಹಾಳೆಯೊಂದು ಉಳಿದುಬಿಟ್ಟಿತ್ತು. ಒಬ್ಬ ಕಕ್ಷಿದಾರನ ಗುಟ್ಟು ಇನ್ನೊಬ್ಬನ ಬ್ಯಾರಿಸ್ಟರ್ ಮೇಜಿಗೆ ಹೋಗಿ ಕೂತಿತು. ವಕೀಲರಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ. ಪುಣ್ಯಕ್ಕೆ ಆ ಬ್ಯಾರಿಸ್ಟರ್ ಮೇಲಿನ ಹೆಸರು ಕಂಡದ್ದೇ, ಮುಂದೆ ಓದದೆ ಹಾಳೆಯನ್ನು ವಾಪಸ್ ಕಳಿಸಿದರು. ಆದರೂ ಅಂದಿನಿಂದ ಹೊಸ ಫೈಲುಗಳೇ ಬಂದವು.

"ಹೆಲೆನ್ ಬೈದಿದ್ರೆ ಚೆನ್ನಾಗಿರೋದು. ಬೈಲಿಲ್ಲ. 'ಗುಡ್ ಐಡಿಯಾ, ಆದ್ರೆ ತುಂಬಾ ರಿಸ್ಕ್' ಅಂದ್ರು, ಅಷ್ಟೇ. ನನ್ನ ಕೈಯಿಂದಾನೇ ಒಂದು ಒಳ್ಳೇ ಕೆಲ್ಸ ಕೆಟ್ಟೋಯ್ತಲ್ಲ ಅಂತ ಟ್ರೇನಲ್ಲೇ ಅತ್ತುಬಿಟ್ಟೆ."

ಅಲ್ಲಿಂದಾಚೆ ಆ ಕೈ ಸುಮ್ಮನಿಲ್ಲ. ಗಂಡ ಇಂದ್ರೇಶ್ ಕಳಚಿಟ್ಟ ಪ್ಯಾಂಟಿನ ಜೇಬು, ಮಗಳು ಇಂಚರಾಳ ಸ್ಕೂಲ್ ಬ್ಯಾಗು, ಯಾವುದನ್ನೂ ತಡಕದೆ ಬಿಡುವುದಿಲ್ಲ. "ಅಮ್ಮಾ, ನಾಟ್ ಅಗೇನ್!" ಎಂದು ಮಗಳು ರೇಗುತ್ತಾಳೆ.

ಸೆಪ್ಟೆಂಬರಿನಲ್ಲಿ ಒಳನಾಡಿನಿಂದ ಬೀಸಿಬಂದ ಕೆಂಪು ಧೂಳಿನಲ್ಲಿ ಸಿಡ್ನಿ ಮುಳುಗಿದ ಬೆಳಿಗ್ಗೆ, ಮೂಗಿಗೆ ದುಪಟ್ಟಾ ಕಟ್ಟಿಕೊಂಡೇ ಊರ್ಮಿಳಾ ಹೆಲೆನ್ ಅವರ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಹಳೆ ಫೈಲಿತ್ತು. ಅದರ ಜೇಬನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಹೆಲೆನ್ ಅದನ್ನು ಮಗುಚಿ ಮಗುಚಿ ನೋಡಿದರು. ಇಂಥ ಫೈಲುಗಳ ಒಂದು ಪೆಟ್ಟಿಗೆ ಮೆಲ್ಬರ್ನ್‌ಗೆ ಹೋಗಲಿ, ಮತ್ತೆ ತಪ್ಪಾದರೆ ಈ ಮಾತು ಇನ್ನೆಂದಿಗೂ ಬೇಡ ಎಂದರು.

ಆ ಪೆಟ್ಟಿಗೆ ಹೋಗುವುದು ಇವತ್ತೇ. ಕೊರಿಯರಿನವನು ಅದನ್ನೆತ್ತಿಕೊಂಡು ಲಿಫ್ಟಿನ ಬಳಿ ನಿಂತಿದ್ದಾನೆ. ಊರ್ಮಿಳಾ ಓಡಿಹೋಗಿ ನಿಲ್ಲಿಸುತ್ತಾರೆ. ಟೇಪು ಕಿತ್ತು, ಫೈಲುಗಳನ್ನು ಒಂದೊಂದಾಗಿ ತೆರೆದು, ಜೇಬಿದ್ದ ಜಾಗದ ಮೇಲೆ ಅಂಗೈ ಆಡಿಸುತ್ತಾರೆ. ಅವನು ಗಡಿಯಾರ ನೋಡಿಕೊಳ್ಳುತ್ತಾನೆ.

"ಜೇಬೇ ಇಲ್ಲ, ಗೊತ್ತು ನಂಗೆ," ಎನ್ನುತ್ತಾ ಊರ್ಮಿಳಾ ಹೊಸ ಟೇಪು ಹಚ್ಚುತ್ತಾರೆ. "ಇದು ಹಳೇ ಫೋಲ್ಡರ್ ಅನ್ನೋದನ್ನೇ ಮೆಲ್ಬರ್ನ್‌ನವರು ಮರೆತುಬಿಡ್ಬೇಕು, ಅಷ್ಟೇ ನನ್ನಾಸೆ. ನಾನಂತೂ ಮರೆಯಲ್ಲ ಬಿಡಿ."